ಎರಡೂ ಮಾಮೂಲಿ ಮಾತ್ರೆಯೇ, ಆದರೂ ಕೇಳಬೇಕು

ಓದುಗರೊಬ್ಬರು ಬರೆದಿದ್ದಾರೆ. ಬಿ.ಪಿ.ಗೆ ಕೊಡುವ ಎರಡು ಹಳೆಯ ಮಾತ್ರೆಗಳಲ್ಲಿ ಯಾವುದು ಮೇಲು ಅಂತ ನೋಡುವ ಅಧ್ಯಯನಕ್ಕೆ ಅವರನ್ನು ಕರೆದು, ಕೈಗೆ ಪುಟಗಟ್ಟಲೆ ಫಾರ್ಮ್ ಕೊಟ್ಟರಂತೆ. "ಎರಡನ್ನೂ ಡಾಕ್ಟರು ದಿನಾ ಬರೆಯುತ್ತಾರೆ. ಅಪಾಯವಿಲ್ಲದ ಕಡೆ ಒಪ್ಪಿಗೆ ಯಾಕೆ? ಸುಮ್ನೆ ಶುರು ಮಾಡಬಾರದಾ?" ಅನ್ನುವುದು ಅವರ ಪ್ರಶ್ನೆ.

ಆ ಫಾರ್ಮಿನ ಮೇಲೆ ನನಗೂ ಸಿಟ್ಟಿದೆ. ಆದರೆ ಕೇಳದೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ.

ಈ ಬಗ್ಗೆ ರೋಗಿಗಳನ್ನೇ ಕೇಳಿದ ಸಮೀಕ್ಷೆಗಳಿವೆ. ಅಪಾಯ ಕಡಿಮೆ ಇದ್ದರೂ ನಮ್ಮನ್ನು ಒಂದು ಮಾತು ಕೇಳಿ ಅಂದವರೇ ಜಾಸ್ತಿ. ಉದ್ದದ ಕಾಗದ ಬೇಕು ಅಂತಲ್ಲ, ಬಾಯಿಮಾತಿನಲ್ಲಿ ಕೇಳಿದರೂ ಅನೇಕರಿಗೆ ಸಾಕು. ಇದು ಸಹಜ ಅಲ್ವಾ? ಡಾಕ್ಟರು ನನ್ನ ವಯಸ್ಸು, ಕಿಡ್ನಿ, ಬೇರೆ ಮಾತ್ರೆ ಎಲ್ಲಾ ನೋಡಿ ಆರಿಸಿದ್ದಾರೆ ಅಂತ ನಾವು ನಂಬಿರುತ್ತೇವೆ, ಇಂಥ ಅಧ್ಯಯನದಲ್ಲಿ ನೋಡಿದರೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸಿರುತ್ತದೆ. ಮಾತ್ರೆ ಅದೇ ಇರಬಹುದು, ಆರಿಸಿದವರು ಬೇರೆ. ಅದನ್ನು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಆ ಡಾಕ್ಟರ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನು 'ಅಪಾಯವಿಲ್ಲ' ಅನ್ನುವ ಮಾತು. ಅಮೆರಿಕದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಸುಮಾರು 1,300 ಶಿಶುಗಳ ಮೇಲೆ ಸಪೋರ್ಟ್ ಅನ್ನುವ ಅಧ್ಯಯನ ನಡೆಯಿತು. ಒಂದು ಗುಂಪಿನಲ್ಲಿ ರಕ್ತದ ಆಮ್ಲಜನಕದ ಮಟ್ಟವನ್ನು ಶೇ. 85–89ರಲ್ಲಿ, ಇನ್ನೊಂದರಲ್ಲಿ ಶೇ. 91–95ರಲ್ಲಿ ಇಡುವ ಗುರಿ. ಎರಡೂ ಆಗ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಮಟ್ಟವೇ. 2010ರಲ್ಲಿ ಫಲಿತಾಂಶ ಬಂದಾಗ, ಕಡಿಮೆ ಆಮ್ಲಜನಕದ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ, ಸಾವು ಜಾಸ್ತಿ. ಅಪ್ಪ ಅಮ್ಮಂದಿರಿಗೆ ಅಪಾಯವನ್ನು ಸರಿಯಾಗಿ ತಿಳಿಸಿರಲಿಲ್ಲ ಎಂದು 2013ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಯೇ ಹೇಳಿತು. ಯಾವುದು ಮೇಲು ಅಂತ ಮೊದಲೇ ಗೊತ್ತಿದ್ದರೆ ಅಧ್ಯಯನವೇ ಬೇಕಿರಲಿಲ್ಲವಲ್ಲ!

ಕೇಳುವುದನ್ನು ಸುಲಭ ಮಾಡಬಹುದು. ಹೃದ್ರೋಗಿಗಳಿಗೆ 81 ಮಿ.ಗ್ರಾಂ. ಆಸ್ಪಿರಿನ್ ಒಳ್ಳೆಯದೋ 325 ಒಳ್ಳೆಯದೋ ಎಂದು ನೋಡಿದ ಅಡಾಪ್ಟಬಲ್ ಅಧ್ಯಯನಕ್ಕೆ ಸುಮಾರು 15,000 ಜನ ಸೇರಿದರು. ಒಪ್ಪಿಗೆಯನ್ನು ಆನ್‌ಲೈನಿನಲ್ಲೇ ತೆಗೆದುಕೊಂಡರು.

ಹಳೆಯ ದಾಖಲೆಗಳನ್ನು ಹೆಸರು ತೆಗೆದು ಓದುವ ಕೆಲಸಕ್ಕೆ ಮಾತ್ರ ನಿಮ್ಮ ವಾದ ಸರಿ, ಅಲ್ಲಿ ಎಲ್ಲರನ್ನೂ ಹುಡುಕಿ ಕೇಳುವುದು ಆಗದ ಮಾತು.

ನೀವಿನ್ನೂ ಸಹಿ ಹಾಕಿಲ್ಲ ಅಂದಿದ್ದೀರಿ. ಹಾಗಾದರೆ ಫಾರ್ಮ್ ಪಕ್ಕಕ್ಕಿಟ್ಟು ಡಾಕ್ಟರನ್ನೇ ಕೇಳಿ: ನನ್ನ ಮಾತ್ರೆ ಬದಲಾಗುತ್ತದಾ? ನಡುವೆ ಬಿಡಬಹುದಾ? ಬೇಡ ಅಂದರೆ ಚಿಕಿತ್ಸೆ ಈಗಿನ ಹಾಗೆಯೇ ಇರುತ್ತದಾ? ನಿಮಗೆ ಅರ್ಥವಾಗುವ ಹಾಗೆ ಅವರು ಉತ್ತರ ಕೊಟ್ಟರೆ ಸೇರಿ. ಇಂಥ ಅಧ್ಯಯನಗಳು ನಿಜಕ್ಕೂ ಬೇಕು.