ಗೋಡೆಯ ಬುಡದಲ್ಲಿ ತೇವವಿರುವಾಗ ಹಳೆಯ ಟೈಲ್ಸ್ ಮೇಲೆ ಲ್ಯಾಮಿನೇಟ್ ಹಾಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ನೆಲಮಹಡಿಯ ಮಲಗುವ ಕೋಣೆಯಲ್ಲಿ, ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆಯೆದ್ದು ಉದುರುತ್ತಿದೆ, ಅದರಡಿಯಲ್ಲಿ ಬಿಳಿಯ ಪುಡಿ ಕಾಣುತ್ತಿದೆ, ಅದೇ ಮೂಲೆಯ ನಾಲ್ಕೈದು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಕೊಡುತ್ತಿವೆ. ಗೋಡೆಗೆ ಜಲನಿರೋಧಕ ಬಣ್ಣ ಬಳಿದು, ಟೈಲ್ಸ್ ಕೀಳಿಸದೆ ಅವುಗಳ ಮೇಲೆಯೇ ಲ್ಯಾಮಿನೇಟ್ (ಮರದಂತೆ ಕಾಣುವ ನೆಲಹಾಸಿನ ಹಲಗೆ) ಹಾಸಿಬಿಡಬಹುದೇ ಎಂದು ಕೇಳಿದ್ದೀರಿ. ಗಟ್ಟಿಯಾಗಿ ಕೂತಿರುವ ಟೈಲ್ಸ್ ಮೇಲೆ ಲ್ಯಾಮಿನೇಟ್ ಹಾಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಈಗಲೇ ಹಾಸಬೇಡಿ. ಒದ್ದೆಯಾಗಿರುವ ಗೋಡೆಗೆ ಒಳಬದಿಯಿಂದ ಜಲನಿರೋಧಕ ಬಣ್ಣವನ್ನಂತೂ ಬಳಿಯಲೇಬೇಡಿ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಆ ತಪ್ಪನ್ನು ನಾನೇ ಒಮ್ಮೆ ಮಾಡಿ ಅನುಭವಿಸಿದ್ದೇನೆ. ಬಳಿದ ಮೊದಲ ಕೆಲವು ತಿಂಗಳು ಗೋಡೆ ಹೊಸದರಂತೆ ನಳನಳಿಸುತ್ತಿತ್ತು. ಆಮೇಲೆ ಬಣ್ಣದ ಪಟ್ಟಿ ಮುಗಿಯುವಲ್ಲಿಂದ ಒಂದು ಗೇಣು ಮೇಲೆ, ಹಿಂದೆಂದೂ ತೇವ ಕಾಣದಿದ್ದ ಜಾಗದಲ್ಲಿ, ಹೊಸ ಗುಳ್ಳೆಗಳು ಎದ್ದವು. ಗೋಡೆಯ ಮೇಲ್ಮೈಯಿಂದ ಆವಿಯಾಗಿ ಹೋಗುತ್ತಿದ್ದ ನೀರಿನ ದಾರಿಯನ್ನು ನಾನೇ ಮುಚ್ಚಿದ್ದರಿಂದ, ಅದು ಇನ್ನಷ್ಟು ಮೇಲೇರಿ ಬೇರೆ ದಾರಿ ಹುಡುಕಿಕೊಂಡಿತ್ತು. ಕೊನೆಗೆ ಎಲ್ಲವನ್ನೂ ಕೆರೆದು ನೋಡಿದಾಗ ಸಿಕ್ಕಿದ್ದು, ಗೋಡೆಯೊಳಗಿನ ಪೈಪಿನ ಒಂದು ಜೋಡಣೆಯಿಂದ ಹನಿಹನಿಯಾಗಿ ಜಿನುಗುತ್ತಿದ್ದ ನೀರು.

ಆದ್ದರಿಂದ ಬಣ್ಣದ ಡಬ್ಬಿ ತರುವುದಕ್ಕೆ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು. ಅದು ಪೈಪಿನಿಂದಲೋ ಸ್ನಾನದ ಮನೆಯ ನೆಲದಿಂದಲೋ ಸೋರುತ್ತಿರಬಹುದು, ಅಡಿಪಾಯದ ಮಣ್ಣಿನಿಂದ ಗೋಡೆ ಹೀರಿಕೊಳ್ಳುತ್ತಿರಬಹುದು, ಇಲ್ಲವೇ ಕೋಣೆಯ ಗಾಳಿಯಲ್ಲಿರುವ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿರಬಹುದು. ಮೂರನೆಯದನ್ನು ಪರೀಕ್ಷಿಸುವುದು ಸುಲಭ. ಒಂದು ಅಂಗೈಯಗಲದ ಜಾಗದಲ್ಲಿ ಉದುರುತ್ತಿರುವ ಬಣ್ಣವನ್ನು ಕೆರೆದು, ಮೇಲ್ಮೈಯನ್ನು ಒಣಗಿಸಿ, ಅದರ ಮೇಲೆ ಅಲ್ಯುಮಿನಿಯಂ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಕೋಣೆಯ ಕಡೆಗಿನ ಮುಖದಲ್ಲಿ ಕೂತರೆ ಅದು ಗಾಳಿಯ ತೇವ; ಗೋಡೆಯ ಕಡೆಗಿನ ಮುಖದಲ್ಲಿ ಕೂತರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಹನಿಗಳು ಗೋಡೆಯ ಕಡೆಗೇ ಕೂರುತ್ತವೆಂದು ನನ್ನ ಊಹೆ.

ನೀರು ತರುವ ಪೈಪುಗಳಲ್ಲಿ ಸದಾ ಒತ್ತಡವಿರುವುದರಿಂದ ಅವು ಹಗಲೂ ರಾತ್ರಿ ಸೋರುತ್ತವೆ. ನೀರು ಹೊರಹೋಗುವ ಪೈಪುಗಳು ಬಳಸಿದಾಗ ಮಾತ್ರ ಸೋರುತ್ತವೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಒಂದೆರಡು ಗಂಟೆ ಹನಿ ನೀರನ್ನೂ ಬಳಸದೆ ಮತ್ತೆ ನೋಡಿ. ಹಲವು ಮೀಟರುಗಳಲ್ಲಿ ಅಂಕಿಗಳ ಪಕ್ಕದಲ್ಲಿ ನಕ್ಷತ್ರದ ಆಕಾರದ ಪುಟ್ಟ ಚಕ್ರವೊಂದಿರುತ್ತದೆ; ಸ್ವಲ್ಪವೇ ನೀರು ಹರಿದರೂ ಅದು ತಿರುಗುತ್ತದೆ. ನನ್ನ ಮನೆಯಲ್ಲಿ ಅಂಕಿ ಕದಲಿರಲಿಲ್ಲ, ಆದರೆ ಟಾರ್ಚ್ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತ ಕೂತಾಗ ಆ ಚಕ್ರ ಒಂದು ಹಲ್ಲಿನಷ್ಟು ಸರಿದು, ನಿಂತು, ಮತ್ತೆ ಸರಿಯುತ್ತಿರುವುದು ಕಂಡಿತು. ಶೌಚಾಲಯದ ಫ್ಲಶ್ ಟ್ಯಾಂಕು ಸೋರುತ್ತಿದ್ದರೂ ಚಕ್ರ ತಿರುಗುತ್ತದೆ. ಹಾಗಾಗಿ ಅದರ ಕವಾಟವನ್ನೂ ಮುಚ್ಚಿರಬೇಕು. ಮೀಟರ್ ಇಲ್ಲದ ಅಥವಾ ಮೀಟರಿನ ನಂತರ ಮೇಲ್ಟ್ಯಾಂಕಿನಿಂದ ನೀರಿಳಿಯುವ ಮನೆಯಾದರೆ, ಟ್ಯಾಂಕಿಗೆ ನೀರು ತುಂಬುವುದನ್ನು ನಿಲ್ಲಿಸಿ, ಅದರೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಬಹುದು.

ಪೈಪು ನಿರ್ದೋಷಿ ಎಂದಾದರೆ ಸರದಿ ಸ್ನಾನದ ಮನೆಯ ನೆಲದ್ದು. ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟವನ್ನು ಪೆನ್ಸಿಲಿನಿಂದ ಗುರುತಿಸಿ 24 ಗಂಟೆ ಬಿಡಿ. ಒಂದಿಷ್ಟು ನೀರು ಆವಿಯಾಗಿಯೂ ಹೋಗುತ್ತದೆ. ಅದನ್ನು ಕಳೆದು ಲೆಕ್ಕ ಹಾಕಲು ಪಕ್ಕದಲ್ಲೊಂದು ಅಗಲವಾದ ತಟ್ಟೆಯಲ್ಲಿ ಅಷ್ಟೇ ಆಳದ ನೀರಿಟ್ಟು ಹೋಲಿಸಿ. ನೆಲದ ನೀರು ತಟ್ಟೆಯ ನೀರಿಗಿಂತ ಹೆಚ್ಚು ಇಳಿದಿದ್ದರೆ, ಮುಚ್ಚಳದ ಸಂದಿನಿಂದ ಸೋರಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ದೋಷ ನೆಲದಲ್ಲಿದೆ ಎನ್ನಬಹುದು. ಇಲ್ಲಿ ಬಹಳ ಜನ ಟೈಲ್ಸ್ ನಡುವಿನ ಗ್ರೌಟ್ ಹೊಸದಾಗಿ ತುಂಬಿಸಿ ಕೆಲಸವಾಯಿತೆಂದುಕೊಳ್ಳುತ್ತಾರೆ. ಸಾಮಾನ್ಯ ಸಿಮೆಂಟ್ ಗ್ರೌಟ್ ನೀರನ್ನು ಹೀರುತ್ತದೆ. ನೀರನ್ನು ತಡೆಯಬೇಕಾದದ್ದು ಟೈಲ್ಸ್ ಅಡಿಯ ಜಲನಿರೋಧಕ ಪದರ. ಆ ಪದರ ಹಾಳಾಗಿದ್ದರೆ ನೆಲ ಅಗೆದು, ಪದರವನ್ನು ಗೋಡೆಯ ಮೇಲಕ್ಕೂ ಕನಿಷ್ಠ 15 ಸೆಂಟಿಮೀಟರ್ ಏರಿಸಿ, ಮತ್ತೆ ನೀರು ನಿಲ್ಲಿಸಿ ಪರೀಕ್ಷಿಸಿಯೇ ಟೈಲ್ಸ್ ಕೂರಿಸಬೇಕು. ಇದು ಖರ್ಚಿನ ಮತ್ತು ಧೂಳಿನ ಕೆಲಸ, ಆದರೆ ಒಂದೇ ಸಲ ಮಾಡುವ ಕೆಲಸ.

ಮಣ್ಣಿನಿಂದ ಏರುವ ತೇವಕ್ಕೆ ಅದರದೇ ಚಹರೆಯಿದೆ. ಅದು ಸ್ನಾನದ ಮನೆಯ ಗೋಡೆಗಷ್ಟೇ ಸೀಮಿತವಾಗಿರದೆ ಬೇರೆ ಗೋಡೆಗಳ ಬುಡದಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರದ ಕಲೆಯಾಗಿ ಕಾಣುತ್ತದೆ, ಸಾಮಾನ್ಯವಾಗಿ ಒಂದು ಮೀಟರ್ ದಾಟುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ಕಂಡರೆ ಮೊದಲು ಮನೆಯ ಹೊರಗೆ ಹೋಗಿ ನೋಡಿ. ಹೂವಿನ ಪಾತಿಗೆಂದೋ ಕಾಲುದಾರಿಗೆಂದೋ ಹಾಕಿದ ಮಣ್ಣು ಅಡಿಪಾಯದ ತೇವತಡೆ ಪದರಕ್ಕಿಂತ ಮೇಲೇರಿರಬಹುದು; ಸುತ್ತಲಿನ ನೆಲ ಆ ಪದರಕ್ಕಿಂತ ಸುಮಾರು 15 ಸೆಂಟಿಮೀಟರ್ ಕೆಳಗಿರಬೇಕು ಮತ್ತು ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸುವ ದುಬಾರಿ ಚಿಕಿತ್ಸೆಗೆ ಒಪ್ಪುವ ಮುನ್ನ ಗುದ್ದಲಿ ಹಿಡಿದು ಮಣ್ಣು ತೆಗೆಸಿ ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಆ ಬಿಳಿಯ ಪುಡಿ. ಅದು ಬೂಷ್ಟಲ್ಲ, ಉಪ್ಪು. ನೀರು ಇಟ್ಟಿಗೆ ಮತ್ತು ಗಾರೆಯೊಳಗಿನ ಲವಣಗಳನ್ನು ಕರಗಿಸಿಕೊಂಡು ಬಂದು, ತಾನು ಆವಿಯಾಗಿ ಅವನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ಒಂದು ಚಿಟಿಕೆಯನ್ನು ನೀರಿನ ಬಟ್ಟಲಿಗೆ ಹಾಕಿದರೆ ಬಹುಪಾಲು ಕರಗಿಬಿಡುತ್ತದೆ. ಇದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ತೆಗೆಯಿರಿ. ಕೆಲವು ಲವಣಗಳು ಗಾಳಿಯಿಂದಲೇ ತೇವ ಎಳೆದುಕೊಳ್ಳುವುದರಿಂದ, ಸೋರಿಕೆ ನಿಂತ ಮೇಲೂ ಹಳೆಯ ಗಿಲಾವು ಮೋಡದ ದಿನಗಳಲ್ಲಿ ಒದ್ದೆಯಾಗಿಯೇ ಕಾಣುತ್ತದೆ. ಹಾಗಾಗಿ ಕಲೆಯ ಅಂಚಿನಿಂದ ಸುಮಾರು 30 ಸೆಂಟಿಮೀಟರ್ ಮೇಲಿನವರೆಗೂ ಗಿಲಾವನ್ನು ಕೆತ್ತಿಸಿ, ಇಟ್ಟಿಗೆಯನ್ನು ತೆರೆದೇ ಬಿಡಬೇಕು. ಆ ಗೋಡೆಯಲ್ಲಿ ಸ್ವಿಚ್ಚು ಅಥವಾ ಸಾಕೆಟ್ ಇದ್ದರೆ ಕೆತ್ತುವ ಮುನ್ನ ಅದರ ವಿದ್ಯುತ್ ಸಂಪರ್ಕ ಕಡಿತಗೊಳಿಸುವುದನ್ನು ಮರೆಯಬೇಡಿ.

ಎಲ್ಲರ ತಾಳ್ಮೆ ಕೆಡುವುದು ಈ ಹಂತದಲ್ಲಿ. ಒಳ್ಳೆಯ ಗಾಳಿಯಿದ್ದರೆ ಗೋಡೆ ತಿಂಗಳಿಗೆ ಸುಮಾರು 25 ಮಿಲಿಮೀಟರ್ ದಪ್ಪದಷ್ಟು ಒಣಗುತ್ತದೆಂಬುದು ಕಟ್ಟಡದ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. 230 ಮಿಲಿಮೀಟರಿನ ಇಟ್ಟಿಗೆ ಗೋಡೆ ಪೂರ್ತಿ ನೆನೆದಿದ್ದರೆ ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಿ. ಆಮೇಲೆ ಗಿಲಾವು ಮಾಡಿಸುವಾಗ, ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಗಟ್ಟಿ ಸಿಮೆಂಟಿನ ಬದಲು ಸುಣ್ಣದ ಗಾರೆಯನ್ನೇ ಬಳಸಿ, ಆವಿ ಹಾಯುವಂಥ ಬಣ್ಣವನ್ನೇ ಹಚ್ಚಿ.

ಗೋಡೆ ಒಣಗುವ ಕಾಲದಲ್ಲಿ ನೆಲವನ್ನು ನೋಡಿ. ಟೊಳ್ಳು ಸದ್ದಿನ ಟೈಲ್ಸ್ ಮೇಲೆ ಏನನ್ನೂ ಹಾಸಬಾರದು. ಅವನ್ನು ಎಬ್ಬಿಸಿ, ಕೆಳಗಿನ ಗಾರೆ ಕಪ್ಪಾಗಿ ಒದ್ದೆಯಾಗಿದೆಯೇ ನೋಡಿ. ಹಾಗೆ ತೆರೆದ ಜಾಗದಲ್ಲೇ, ಪಕ್ಕದ ಇನ್ನೂ ಕೆಲವು ಟೈಲ್ಸ್ ತೆಗೆಯಬೇಕಾದರೂ ಸರಿ, ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆಲ್ಲ ಟೇಪು ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಮೆರುಗಿನ ಟೈಲ್ಸ್ ಮೇಲೆಯೇ ಈ ಪರೀಕ್ಷೆ ಮಾಡಿದರೆ ಎಲ್ಲವೂ ಒಣಗಿದೆ ಎಂಬ ಸುಳ್ಳು ಸಮಾಧಾನ ಸಿಗುತ್ತದೆ, ಏಕೆಂದರೆ ಟೈಲ್ಸ್ ಆವಿಯನ್ನು ಬಿಡುವುದಿಲ್ಲ. ಹಾಳೆಯಡಿ ಹನಿ ಕಂಡರೆ ಅಥವಾ ನೆಲದ ಬಣ್ಣ ಗಾಢವಾದರೆ ಇನ್ನೂ ಕಾಯಬೇಕು.

ಲ್ಯಾಮಿನೇಟಿನ ಒಡಲು ಒತ್ತಿ ಮಾಡಿದ ಮರದ ನಾರು. ಅಂಚಿನಿಂದ ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಸ್ನಾನದ ಮನೆಯ ಪಕ್ಕದ ಕೋಣೆಗೆ ನಾನಾದರೆ ಕಿತ್ತ ಟೈಲ್ಸ್ ಜಾಗಕ್ಕೆ ಹೊಸ ಟೈಲ್ಸ್ ಕೂರಿಸಿ ಸುಮ್ಮನಾಗುತ್ತಿದ್ದೆ. ನಿಮಗೆ ಲ್ಯಾಮಿನೇಟೇ ಬೇಕೆಂದಿದ್ದರೆ, ಕಿತ್ತ ಜಾಗವನ್ನು ಗಾರೆಯಿಂದ ಸಮಮಾಡಿ ಒಣಗಿಸಿ, 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು ಒಂದರ ಮೇಲೊಂದು 20 ಸೆಂಟಿಮೀಟರ್ ಬರುವಂತೆ ಹಾಸಿ, ಕೂಡುಗಳಿಗೆ ಟೇಪು ಹಚ್ಚಿ. ಹಲಗೆಗಳ ಪೆಟ್ಟಿಗೆಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿಟ್ಟು ಆಮೇಲೆ ಜೋಡಿಸಿ. ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಸಂದು ಬಿಡಲೇಬೇಕು. ಆ ಸಂದನ್ನು ಮುಚ್ಚುವ ಅಂಚುಪಟ್ಟಿಯನ್ನು ಗೋಡೆಗೆ ಮಾತ್ರ ಬಿಗಿಯಿರಿ, ಹಲಗೆಗೆ ಮೊಳೆ ಹೊಡೆಯಬೇಡಿ; ಬಾಗಿಲು ನೆಲಕ್ಕೆ ತಾಗುತ್ತದೆಯೇ ಎಂಬುದನ್ನು ಹಲಗೆಯ ತುಂಡೊಂದನ್ನು ಅಡಿಗಿಟ್ಟು ಮೊದಲೇ ನೋಡಿಕೊಳ್ಳಿ.