ಚಿಪ್ಪಣಬೆಗೆ ಸೆಲೆನಿಯಂ: ಅಳತೆ ತಪ್ಪಬಾರದು

ಪ್ರಶ್ನೆ: ಬೈಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಸುತ್ತೇವೆ. ಹುಲ್ಲು ನೆನೆಸುವ ನೀರಿಗೆ ಸೋಡಿಯಂ ಸೆಲೆನೈಟ್ (ಸೆಲೆನಿಯಂ ಇರುವ ಲವಣ) ಬೆರೆಸಿದರೆ ಅಣಬೆಯಲ್ಲಿ ಸೆಲೆನಿಯಂ (ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಖನಿಜ) ಹೆಚ್ಚುತ್ತದೆಯೇ?
– ಓದುಗರು, ಬ್ರಹ್ಮಾವರ

ಉತ್ತರ: ಹೆಚ್ಚುತ್ತದೆ. ಆದರೆ ನೆನೆಸುವ ನೀರಿಗೆ ಬೆರೆಸಬೇಡಿ. ಬಸಿದ ನೀರಿನ ಜೊತೆ ಎಷ್ಟು ಹೋಯಿತೆಂಬ ಲೆಕ್ಕ ಸಿಗದು, ಆ ನೀರು ಬಾವಿಯತ್ತ ಹರಿದರೆ ಅಪಾಯ.

ಕುದಿಸಿ, ಬಸಿದು, ಆರಿದ ಹುಲ್ಲಿಗೆ ಬೀಜ ಹಾಕುವ ಮುನ್ನ ಸಮನಾಗಿ ಚಿಮುಕಿಸಿ. ಸೆಲೆನೈಟ್‌ನಲ್ಲಿ ಸೆಲೆನಿಯಂ ಶೇ 45ರಷ್ಟು. 1.1 ಗ್ರಾಂ ಪುಡಿಯನ್ನು 1 ಲೀಟರ್ ನೀರಲ್ಲಿ ಕರಗಿಸಿದರೆ 10 ಮಿಲಿಯಲ್ಲಿ ಸುಮಾರು 5 ಮಿಲಿಗ್ರಾಂ ಸೆಲೆನಿಯಂ. ಪ್ರಯೋಗಕ್ಕೆ 1 ಕೆಜಿ ಒದ್ದೆ ಹುಲ್ಲಿಗೆ ಅಷ್ಟು ಸಾಕು. ಪುಡಿ ವಿಷಕಾರಿ, ಕೈಗವಸು, ಮಾಸ್ಕ್ ಬೇಕೇ ಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಲೇಬೇಡಿ. ಪ್ರಮಾಣ ಹೆಚ್ಚಾದರೆ ಬಿಳಿ ಎಳೆಗಳು ಹಬ್ಬುವುದು ನಿಧಾನವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಹುಲ್ಲು ತೀರಾ ಒದ್ದೆಯಾಗಿದ್ದರಂತೂ ಆ ಸಂದಿನಲ್ಲಿ ಹಸಿರು ಬೂಷ್ಟು ನುಗ್ಗುತ್ತದೆ.

ವಯಸ್ಕರಿಗೆ ದಿನಕ್ಕೆ ಬೇಕಾದ್ದು 55 ಮೈಕ್ರೋಗ್ರಾಂ ಆಸುಪಾಸು, ಮೇಲ್ಮಿತಿ 400. ನಿತ್ಯ ಅದನ್ನು ದಾಟಿದರೆ ಕೂದಲು, ಉಗುರು ಉದುರಬಹುದು. 100 ಗ್ರಾಂ ಹಸಿ ಅಣಬೆ ಒಣಗಿದರೆ ಸುಮಾರು 10 ಗ್ರಾಂ. ಒಣ ಗ್ರಾಮಿಗೆ 20 ಮೈಕ್ರೋಗ್ರಾಂ ಇದ್ದರೆ ಒಂದೇ ಊಟಕ್ಕೆ 200 ಆಯಿತು! ಪ್ರತಿ ಕೊಯ್ಲಿನ ಮಾದರಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ತಿನ್ನಬೇಡಿ, ಮಾರಬೇಡಿ.