ಆಪ್ತಸಲಹೆ ಪ್ರಕರಣ: ಇಳಿಜಾರು ಸೈಟು, ಮಾತು ಬಿಟ್ಟ ಮನೆಮಂದಿ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಬೆಳಗಾವಿಯ ಕುಟುಂಬ. ನಿವೃತ್ತರಾದ ತಂದೆ, ಮೊಣಕಾಲು ನೋವಿನ ತಾಯಿ, ಉದ್ಯಮಬಾಗದ ಫೌಂಡ್ರಿಗೆ ಹೋಗುವ ಹಿರಿಯ ಮಗ, ಅವನ ಹೆಂಡತಿ. ಕಿರಿಯವನು ಪುಣೆಯಲ್ಲಿದ್ದಾನೆ. ಊರ ಪಶ್ಚಿಮಕ್ಕೆ 30x50 ಅಡಿಯ ಸೈಟು ಇದೆ. ರಸ್ತೆಯಿಂದ ಹಿತ್ತಲಿಗೆ 5 ಅಡಿ ಇಳಿಜಾರು. ಮಣ್ಣು ತುಂಬಿ ಸಮ ಮಾಡೋಣ ಅಂತ ತಂದೆ. ಎರಡು ಮಟ್ಟದಲ್ಲಿ ಕಟ್ಟೋಣ ಅಂತ ಕಿರಿಯವನು. ಇಬ್ಬರೂ ಫೋನಿನಲ್ಲೂ ಮಾತಾಡುತ್ತಿರಲಿಲ್ಲ.

ತಂದೆಯನ್ನು ಒಬ್ಬರನ್ನೇ ಕೂರಿಸಿಕೊಂಡಾಗ ನಿಜ ಹೊರಬಿತ್ತು. "ಸಣ್ಣಾವ ನಮ್ಮನ್ನ ತಗ್ಗಿನ ಖೋಲಿಗೆ ಹಾಕ್ತಾನ್ರಿ. ಮ್ಯಾಲ ಅವರು, ಕೆಳಗ ನಾವು." ಮಗ ಹಾಗೆ ಹೇಳಿಯೇ ಇರಲಿಲ್ಲ. ಆದರೆ ಅಪ್ಪ ಅವ್ವ ಎಲ್ಲಿರಬೇಕು ಅಂತ ಕೇಳಿಯೂ ಇರಲಿಲ್ಲ!

ಎಲ್ಲರೂ ಸೇರಿದ ದಿನ ಸೊಸೆ ಬಾಯಿ ಬಿಟ್ಟಳು: "ಅಡಗಿ ಮನಿಯಿಂದ ಅತ್ತಿ ಖೋಲಿಗೆ ದಿನಾ ಎಷ್ಟ್ ಸಲ ಹತ್ತಿ ಇಳೀಬೇಕು ನಾ? ಅದನ್ನ ಯಾರೂ ಕೇಳಿಲ್ರಿ." ನನ್ನ ಪ್ರಕಾರ ಅವತ್ತಿನ ಅತ್ಯಂತ ಕೆಲಸದ ಮಾತು ಅದೇ.

ನಕ್ಷೆ ಪಕ್ಕಕ್ಕಿಡಿ, ಯಾರು ಎಲ್ಲಿ ಮಲಗುತ್ತಾರೆ, ಯಾರು ಎಷ್ಟು ಓಡಾಡುತ್ತಾರೆ ಅಂತ ಮೊದಲು ಬರೆಯಿರಿ ಎಂದೆ. ಹಿರಿಯರ ಖೋಲಿ, ಅಡುಗೆಮನೆ, ದೇವರ ಮನೆ, ಒಂದು ಬಚ್ಚಲು ರಸ್ತೆಯ ಮಟ್ಟದಲ್ಲೇ ಇರಲಿ. ಕಾರಣ ಇಷ್ಟೇ: ನಾಳೆ ಗಾಲಿಕುರ್ಚಿ ಬಂದರೆ 1 ಅಡಿ ಏರಿಗೆ 12 ಅಡಿ ಉದ್ದದ ರ‍್ಯಾಂಪ್ ಬೇಕು. 5 ಅಡಿಗೆ 60 ಅಡಿ. ಸೈಟೇ 50! ಕಿರಿಯವನ ಖೋಲಿಗಳು ಹಿಂದೆ, ಹತ್ತು ಮೆಟ್ಟಿಲು ಕೆಳಗೆ. ಇದನ್ನು ಕೇಳಿ ತಂದೆಯ ಮುಖ ಸಡಿಲಾಯಿತು.

ಮಣ್ಣು ತುಂಬುವ ಲೆಕ್ಕವನ್ನೂ ಅವರ ಕೈಯಿಂದಲೇ ಹಾಕಿಸಿದೆ. ಸರಾಸರಿ ಎರಡೂವರೆ ಅಡಿ ಅಂದರೂ 37 ಬ್ರಾಸ್ ಮೇಲೆ (ಒಂದು ಬ್ರಾಸ್ ಅಂದರೆ 100 ಘನ ಅಡಿ). ದಮ್ಮಸು ಮಾಡಿದರೆ ಇನ್ನೂ ಜಾಸ್ತಿ. ತುಂಬಿದ ಮಣ್ಣು ಕುಸಿಯುತ್ತದೆ, ಹಾಗಾಗಿ ಪಾಯ ಹೇಗೂ ಗಟ್ಟಿ ನೆಲಕ್ಕೇ ಇಳಿಯಬೇಕು. ಹಿಂದೆ ತಡೆಗೋಡೆಯೂ ಬೇಕು. ಇಲ್ಲಿನ ಮಳೆಗಾಲ ಗೊತ್ತೇ ಇದೆಯಲ್ವಾ? ಗೋಡೆಯ ಹಿಂದೆ ನೀರು ನಿಂತರೆ ಗೋಡೆ ವಾಲುತ್ತದೆ. ನೀರು ಹೊರಬರಲು ಅದರಲ್ಲಿ ಪೈಪು ಬಿಡಲೇಬೇಕು.

ಇಳಿಜಾರು ಪೂರ್ವಕ್ಕಿತ್ತು. ವಾಸ್ತು ನಂಬುವವರಿಗೆ ಅದು ಒಳ್ಳೆಯದೇ. ನಾನು ವಾಸ್ತು ಹೇಳುವುದಿಲ್ಲ, ಆದರೆ ತಂದೆಗೆ ಅದನ್ನು ನೆನಪಿಸಲು ಹಿಂಜರಿಯಲಿಲ್ಲ.

ಎಂಜಿನಿಯರ್ ಹತ್ತಿರ ಕೇಳಲು ಒಂದು ಪ್ರಶ್ನೆ ಕೊಟ್ಟೆ: ಚರಂಡಿ ಮೇಲಿನ ರಸ್ತೆಯಲ್ಲಿದ್ದರೆ ಕೆಳಗಿನ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಪಂಪೋ, ಬೇರೆ ಗುಂಡಿಯೋ, ಪಾಯಕ್ಕೆ ಮೊದಲೇ ತೀರ್ಮಾನ ಆಗಬೇಕು.

ಸೈಟು ತಂದೆಯ ಹೆಸರಲ್ಲಿದೆ, ದುಡ್ಡು ಮೂವರದು. ಯಾರದೆಷ್ಟು, ಮುಂದೆ ಯಾರಿಗೆ ಯಾವ ಭಾಗ ಅಂತ ವಕೀಲರ ಮುಂದೆ ಬರೆಸಿಕೊಳ್ಳಿ ಎಂದೆ. ಎರಡು ಮಟ್ಟಕ್ಕೆ ತಂದೆ ಒಪ್ಪಿದ್ದಾರೆ. ಬರೆಸುವುದಕ್ಕೆ ಹಿರಿಯವನು ಇನ್ನೂ ಒಪ್ಪಿಲ್ಲ. ಮುಂದಿನ ಸಲ ಅವನನ್ನು ಒಬ್ಬನನ್ನೇ ಕರೆದಿದ್ದೇನೆ.